ಉಳಿದದ್ದು ಎರಡು ಮೊಳ

ನನ್ನ ಸೋದರಮಾವನ ಹೆಂಡತಿಯನ್ನು ನಾವು ಮಕ್ಕಳೆಲ್ಲ ಬಣ್ಣದತ್ತೆ ಎನ್ನುತ್ತಿದ್ದೆವು. ಎಷ್ಟು ಉಜ್ಜಿ ತೊಳೆದರೂ ಅವಳ ಉಗುರಿನ ಸಂದಿಯಲ್ಲಿ ಒಂದಿಷ್ಟು ಬಣ್ಣ ಉಳಿದೇ ಇರುತ್ತಿತ್ತು. ಇಟ್ಟಿಗೆಗೆಂಪು ಕಂಡರೆ ಆ ದಿನ ಯಕೃತ್ತಿಗೆ ಬಣ್ಣ ಹಚ್ಚಿದ್ದಾಳೆಂದು, ಎಲೆಹಸಿರು ಕಂಡರೆ ಪಿತ್ತಕೋಶವೆಂದು ನಮಗೆ ತಿಳಿಯುತ್ತಿತ್ತು. ಶಾಲೆಗಳ ವಿಜ್ಞಾನದ ಕೋಣೆಯಲ್ಲಿ ಎದೆ ಹೊಟ್ಟೆ ತೆರೆದುಕೊಂಡು ನಿಂತಿರುವ ಪ್ಲಾಸ್ಟರ್ ಮನುಷ್ಯ ಇರುತ್ತಾನಲ್ಲ, ಅಂಥವರನ್ನು ತಯಾರಿಸುವ ಸಣ್ಣ ಕಾರ್ಖಾನೆಯೊಂದಕ್ಕೆ ಅವಳು ಹತ್ತೊಂಬತ್ತನೆಯ ವಯಸ್ಸಿಗೆ ಸೇರಿದ್ದಳು.

ಕಾರ್ಖಾನೆ ಎಂದರೆ ಏನು ಮಹಾ, ಒಂದು ಹಳೆಯ ಗೋದಾಮಿನ ಹಿಂಭಾಗ. ಒಂದು ಕಡೆ ಅಚ್ಚುಗಳು, ಇನ್ನೊಂದು ಕಡೆ ಒಣಗಲು ಇಟ್ಟ ಹೃದಯಗಳ ಸಾಲು, ಕಿಟಕಿಯ ಪಕ್ಕ ಬಣ್ಣದ ಮೇಜು. ಅದರ ಯಜಮಾನ ಶಾಲೆಯ ಕೆಲಸ ಬಿಟ್ಟು ಬಂದ ವಿಜ್ಞಾನದ ಮೇಷ್ಟ್ರು. ಅವರದೊಂದು ಹಟ. ಯಾವ ಅಂಗದ ಕೆಲಸ ಏನೆಂದು ತಿಳಿಯದೆ ಅದರ ಮೇಲೆ ಕುಂಚ ಇಡುವಂತಿಲ್ಲ. ಬಣ್ಣದತ್ತೆ ಏಳನೇ ತರಗತಿಯ ಮೇಲೆ ಓದಿದವಳಲ್ಲ. ಮೊದಲ ವಾರವಿಡೀ ಮೇಷ್ಟ್ರು ಅವಳ ಕೈಗೆ ಕುಂಚವನ್ನೇ ಕೊಡಲಿಲ್ಲವಂತೆ. ಬ್ರೆಡ್ಡಿನ ಚೂರೊಂದನ್ನು ಕೊಟ್ಟು, "ನುಂಗದೆ ಅಗೀತಾ ಇರು, ಏನಾಗುತ್ತೆ ಹೇಳು" ಎಂದರಂತೆ.

"ಸಿಹಿಯಾಯ್ತು ಸಾರ್."

"ಸಕ್ಕರೆ ಹಾಕಿಲ್ಲ ತಾನೇ? ನಿನ್ನ ಎಂಜಲೇ ಹಿಟ್ಟನ್ನ ಸಕ್ಕರೆ ಮಾಡ್ತಿದೆ. ಕೆಲಸ ಬಾಯಲ್ಲೇ ಶುರು. ಈಗ ನುಂಗು. ನುಂಗೋದೊಂದೇ ನಿನ್ನ ಕೈಲಿರೋದು. ಗಂಟಲು ದಾಟಿತೋ, ಆಮೇಲೆ ಅದು ನಿನ್ನ ಮಾತು ಕೇಳಲ್ಲ."

ಅನ್ನನಾಳ ತುತ್ತನ್ನು ಕೆಳಕ್ಕೆ ಬೀಳಿಸುವುದಿಲ್ಲ, ಹಿಂದಿನಿಂದ ಹಿಂಡಿ ಹಿಂಡಿ ಮುಂದಕ್ಕೆ ತಳ್ಳುತ್ತದೆ. ಹಾಗಾಗಿ ತಲೆಕೆಳಗಾಗಿ ನಿಂತವನೂ ನುಂಗಬಲ್ಲ ಎಂಬುದನ್ನು ಅವಳು ಕಲಿತದ್ದು ಅಲ್ಲೇ. ಮುಂದೆ ನನ್ನ ಮಾವ ಅದನ್ನು ನಂಬದೆ ಮದುವೆಯಾದ ಹೊಸತರಲ್ಲಿ ಗೋಡೆಗೆ ಕಾಲು ಕೊಟ್ಟು ಶೀರ್ಷಾಸನ ಹಾಕಿ ಬಾಳೆಹಣ್ಣು ತಿಂದು ನೋಡಿದ್ದನಂತೆ. ಹಣ್ಣು ಹೊಟ್ಟೆಗೇ ಹೋಯಿತು. ಗೋಡೆಯ ಮೇಲೆ ಮಾತ್ರ ಎರಡು ಹೆಜ್ಜೆಗಳು ಬಹಳ ವರ್ಷ ಉಳಿದವು.

ಮಾವ ಸಿಟಿ ಬಸ್ಸಿನ ಡ್ರೈವರ್. ಅವರಿಬ್ಬರ ಪರಿಚಯವಾದದ್ದು ಬಸ್ಸಿನಲ್ಲೇ. ಒಂದು ಶಾಲೆಗೆ ತಲುಪಿಸಬೇಕಿದ್ದ ಪ್ಲಾಸ್ಟರ್ ಮನುಷ್ಯನನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ತಲೆ ಮಾತ್ರ ಹೊರಗಿಟ್ಟು, ಅವಳು ಮುಂದಿನ ಸೀಟಿನಲ್ಲಿ ಮಡಿಲಿಗೆ ಒರಗಿಸಿಕೊಂಡು ಕೂತಿದ್ದಳು. ಮಾವ ಕನ್ನಡಿಯಲ್ಲಿ ನೋಡಿ, "ಅವರಿಗೆ ಹುಷಾರಿಲ್ವಾ?" ಎಂದು ಕೇಳಿದನಂತೆ. "ಕರುಳು ಸ್ವಲ್ಪ ಸಡಿಲ, ಬ್ರೇಕ್ ಜೋರಾಗಿ ಹಾಕ್ಬೇಡಿ" ಎಂದಳಂತೆ ಇವಳು. ಆ ದಿನ ಬಸ್ಸು ನಡಿಗೆಯ ವೇಗದಲ್ಲಿ ಹೋಯಿತೆಂದು ಮಾವ ಆಮೇಲೆ ಸಾವಿರ ಸಲ ಹೇಳಿದ್ದಾನೆ.

ಅವರಿಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಅವರಿಬ್ಬರು ಮತ್ತು ಮಾವನ ತಾಯಿ, ಅಂದರೆ ನನ್ನಜ್ಜಿ. ನನ್ನ ಕಾಲೇಜು ಅದೇ ಊರಿನಲ್ಲಿ ಇದ್ದುದರಿಂದ ನಾನು ಮೂರು ವರ್ಷ ಅವರ ಮನೆಯಲ್ಲೇ ಇದ್ದೆ. ಎರಡು ಕೋಣೆ, ಒಂದು ಅಡುಗೆಮನೆ. ಮಾವ ತಿಂಡಿಪೋತ. ಊಟಕ್ಕೆ ಕೂತರೆ ತಟ್ಟೆ ಬಿಟ್ಟು ಏಳುವ ಮನಸ್ಸೇ ಇಲ್ಲ. ಕೈ ತೊಳೆದು ಬಂದು ಹೆಂಡತಿಯ ಎದುರು ನಿಂತು, "ಈಗ ಎಲ್ಲಿಗೆ ಬಂತು?" ಎಂದು ಕೇಳುವುದು ಅವನ ದಿನಚರಿ. ಅವಳು ತಲೆಯೆತ್ತದೆ, "ಇನ್ನೂ ಜಠರದಲ್ಲೇ. ಕಲಸ್ತಾ ಇದೆ. ಮೂರು ನಾಲ್ಕು ಗಂಟೆ ಅಲ್ಲೇ ಇರುತ್ತೆ, ಆಮೇಲೆ ಚೂರುಚೂರೇ ಮುಂದಕ್ಕೆ ಬಿಡುತ್ತೆ. ನಿಮ್ಮ ಹಾಗಲ್ಲ ಅದು, ಅವಸರ ಇಲ್ಲ" ಎನ್ನುವಳು. ಆಮೇಲೆ ಇಬ್ಬರೂ ನಗುವರು. ಈ ಹಳೆಯ ಜೋಕಿಗೆ ಇವರು ಇಷ್ಟು ವರ್ಷವಾದರೂ ಹೇಗೆ ನಗುತ್ತಾರೋ ಎಂದು ನನಗೆ ಅನ್ನಿಸುತ್ತಿತ್ತು.

ನಾನು ಬಂದು ನಾಲ್ಕು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಊಟ ಮುಗಿಸಿ ಡಿಪೋದಿಂದ ಬಸ್ಸು ತೆಗೆದ ಸ್ವಲ್ಪ ಹೊತ್ತಿಗೆ ಮಾವನ ಹೊಟ್ಟೆಯಲ್ಲಿ ನೋವು ಕಿತ್ತುಕೊಂಡಿತು. ಅವನು ಮುಂದಿನ ನಿಲ್ದಾಣದವರೆಗೂ ಬಸ್ಸು ಓಡಿಸಿದ. ರಸ್ತೆಯ ಅಂಚಿಗೆ ಸರಿಯಾಗಿ ನಿಲ್ಲಿಸಿದ, ಹ್ಯಾಂಡ್‌ಬ್ರೇಕ್ ಎಳೆದ, ಎಲ್ಲರನ್ನೂ ಇಳಿಸಿದ. ಆಮೇಲೆ ಬಸ್ಸಿನ ಮೆಟ್ಟಿಲ ಮೇಲೆ ಮುದುಡಿ ಮಲಗಿಬಿಟ್ಟ. ಡಿಪೋದ ಗೆಳೆಯರು ಬಂದು ಅವನನ್ನು ಡಿಪೋಗೆ ಕರೆದೊಯ್ದರು, ಗ್ಯಾಸ್ ಇರಬೇಕೆಂದರು. ಮಾವನ ಊಟ ಬಲ್ಲವರಿಗೆ ಬೇರೆ ಅನುಮಾನ ಬರುವುದಾದರೂ ಹೇಗೆ? ಸೋಡಾ ಕುಡಿಸಿದರು, ಮಾತ್ರೆ ಕೊಟ್ಟರು, ಬೆಂಚಿನ ಮೇಲೆ ಮಲಗಿಸಿ ಫ್ಯಾನ್ ಹಾಕಿದರು. ಹಾಗೆ ನಾಲ್ಕು ಗಂಟೆ ಕಳೆದ ಮೇಲೆ ಆಸ್ಪತ್ರೆಗೆ ಸಾಗಿಸಿದರು.

ಆಸ್ಪತ್ರೆಗೆ ಬಣ್ಣದತ್ತೆಯ ಜೊತೆ ನಾನೂ ಓಡಿದ್ದೆ. ಸರ್ಜನ್ ಮಧ್ಯವಯಸ್ಸಿನ ಹೆಂಗಸು, ಮಾತು ಕಡಿಮೆ. ಮಾವನ ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಜಾಗ ಬದಲಿಸಿ ಮತ್ತೆ ಕೇಳಿದರು. ಮೂರನೆಯ ಸಲ ಬಹಳ ಹೊತ್ತು ಹಾಗೇ ಬಗ್ಗಿ ನಿಂತರು. ಬಣ್ಣದತ್ತೆಯ ಮುಖ ಬಿಳಿಚಿಕೊಂಡಿತು.

"ಶಬ್ದ ಇಲ್ವಾ ಡಾಕ್ಟ್ರೇ?" ಎಂದಳು.

ಸರ್ಜನ್ ತಲೆಯೆತ್ತಿ ಅವಳನ್ನು ನೋಡಿದರು. "ನೀವು ನರ್ಸಾ?"

"ಅಲ್ಲ. ಬಣ್ಣ ಹಚ್ತೀನಿ."

ಕರುಳು ಸುಮ್ಮನಿರುವ ಅಂಗವಲ್ಲವೆಂದು ಅವಳು ಆಮೇಲೆ ನನಗೆ ಹೇಳಿದಳು. ಊಟ ಮಾಡಿದಾಗ ಮಾತ್ರವಲ್ಲ, ಹಸಿದಾಗಲೂ, ನಿದ್ದೆಯಲ್ಲೂ ಅದು ಗುಳುಗುಳು ಎನ್ನುತ್ತ ಒಳಗಿದ್ದದ್ದನ್ನು ಮುಂದಕ್ಕೆ ಸಾಗಿಸುತ್ತಲೇ ಇರುತ್ತದಂತೆ. ಮಾವನ ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತದ ಒಂದು ಚೂರು ಕರುಳಿಗೆ ಹೋಗುವ ದೊಡ್ಡ ರಕ್ತನಾಳಕ್ಕೆ ಬಂದು ಸಿಕ್ಕಿಕೊಂಡಿತ್ತು. ರಕ್ತವಿಲ್ಲದೆ ಕರುಳು ಕಪ್ಪಾಗಿತ್ತು. ಸಣ್ಣ ಕರುಳನ್ನು ಬಹುಪಾಲು ತೆಗೆದುಹಾಕಬೇಕಾಯಿತು. ಸುಮಾರು ಆರು ಮೀಟರ್ ಇರಬೇಕಾದದ್ದು, ಉಳಿದದ್ದು ಒಂದು ಮೀಟರಿಗೂ ಕಡಿಮೆ.

"ದೊಡ್ಡ ಕರುಳು ಹೆಚ್ಚುಕಡಿಮೆ ಪೂರ್ತಿ ಉಳಿದಿದೆ, ಅದು ಒಳ್ಳೇದು. ನೀರು ಹೀರ್ಕೊಳ್ಳುತ್ತೆ" ಎಂದರು ಸರ್ಜನ್. "ಆದ್ರೆ ಊಟದ ಸಾರ ರಕ್ತಕ್ಕೆ ಸೇರೋದು ಸಣ್ಣ ಕರುಳಿನಲ್ಲೇ."

"ಗೊತ್ತು" ಎಂದಳು ಬಣ್ಣದತ್ತೆ. ಅದರ ಒಳಗೋಡೆಯ ಮೇಲಿನ ಬೆರಳಿನಂಥ ಎಳೆಗಳನ್ನು ದೊಡ್ಡದಾಗಿ ತೋರಿಸುವ ಮಾದರಿಗೆ ಮೂರೆಳೆ ಕೂದಲಿನ ಕುಂಚ ಹಿಡಿದು ಒಂದೊಂದಾಗಿ ಬಣ್ಣ ಕೊಟ್ಟವಳು ಅವಳು. ಟವೆಲ್ಲಿನ ದಾರಗಳ ಹಾಗೆ ಲಕ್ಷಗಟ್ಟಲೆ ಇರುತ್ತವೆ, ಅವುಗಳ ಮೂಲಕವೇ ತಿಂದದ್ದು ಮೈಗೆ ಸೇರುವುದು. ಅವಳಿಗೆ ಗೊತ್ತಿತ್ತು. ಆ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದ ನಮ್ಮೆಲ್ಲರಲ್ಲಿ ಅವಳೊಬ್ಬಳಿಗೇ ನಡೆದದ್ದೇನೆಂದು ಪೂರ್ತಿ ಅರ್ಥವಾಗಿತ್ತು. ನಾವೆಲ್ಲ 'ಗಂಡಾಂತರ ಕಳೀತು' ಎಂದು ನಿಟ್ಟುಸಿರು ಬಿಡುತ್ತಿದ್ದರೆ ಅವಳು ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು.

ಅಜ್ಜಿಗೆ ಏನು ಹೇಳುವುದು? "ಕರುಳು ಕತ್ತರಿಸಿದ್ರಾ? ನಾನು ಹೆತ್ತು ಕೊಟ್ಟ ಕರುಳು ಕತ್ತರಿಸೋಕೆ ಅವರಿಗೆ ಯಾರು ಹೇಳಿದ್ರು?" ಎಂದು ಅಜ್ಜಿ ಸೊಸೆಯ ಮೇಲೇ ಹರಿಹಾಯ್ದಳು. ಕಾಗದಕ್ಕೆ ಸಹಿ ಹಾಕಿದವಳು ಸೊಸೆ ತಾನೇ.

ಮಾವ ಮನೆಗೆ ಬಂದ. ಆಮೇಲಿನದು ಎರಡು ವರ್ಷ ನಾಲ್ಕು ತಿಂಗಳು.

ಅವನು ತಿನ್ನುತ್ತಿದ್ದ. ಇದು ನೋಡುವವರಿಗೆ ಅರ್ಥವಾಗುತ್ತಿರಲಿಲ್ಲ. ದಿನಕ್ಕೆ ಎಂಟು ಸಲ ಸ್ವಲ್ಪ ಸ್ವಲ್ಪ ತಿನ್ನುತ್ತಿದ್ದ. ಬಾಯಿ ಅಗಿಯುತ್ತಿತ್ತು, ಜಠರ ಕಲಸುತ್ತಿತ್ತು, ಪಿತ್ತರಸ ಬರುತ್ತಿತ್ತು. ಎಲ್ಲ ತಮ್ಮ ತಮ್ಮ ಕೆಲಸ ಮಾಡುತ್ತಿದ್ದವು. ಆದರೆ ತೆಗೆದುಕೊಳ್ಳುವ ಕೈಗಳೇ ಇರಲಿಲ್ಲ. ಊಟ ಬಂದ ಹಾಗೇ ಮುಂದಕ್ಕೆ ಹೊರಟುಹೋಗುತ್ತಿತ್ತು. ದಿನಕ್ಕೆ ಹತ್ತು ಹನ್ನೆರಡು ಸಲ ಶೌಚಾಲಯ. ಎಂಬತ್ತೆರಡು ಕಿಲೋ ಇದ್ದವನು ನಲವತ್ತೊಂಬತ್ತಕ್ಕೆ ಇಳಿದ. ಸ್ಟಿಯರಿಂಗ್ ತಿರುಗಿಸಿ ಗಟ್ಟಿಯಾಗಿದ್ದ ತೋಳಿನ ಚರ್ಮ ಬೇರೆ ಯಾರದೋ ಅಂಗಿಯ ಹಾಗೆ ಜೋತುಬಿತ್ತು. ಹಸಿವು ಮಾತ್ರ ಮೊದಲಿನಷ್ಟೇ, ಅದಕ್ಕಿಂತ ಹೆಚ್ಚೇ. "ತಿಂದಿದ್ದು ನನ್ನ ಹೊಟ್ಟೇಲಿ ನೆಂಟರ ಹಾಗೆ, ಕೂತ್ಕೊಳ್ಳೋಕೂ ಒಪ್ಪಲ್ಲ" ಎನ್ನುತ್ತಿದ್ದ. ನಾವು ನಗುತ್ತಿದ್ದೆವು, ಆಮೇಲೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ವಾರಕ್ಕೆ ಮೂರು ಹಗಲು ಆಸ್ಪತ್ರೆಯಲ್ಲಿ ಕಾಲರ್ ಎಲುಬಿನ ಕೆಳಗಿನ ನಳಿಕೆಯ ಮೂಲಕ ಹಾಲಿನಂಥ ದ್ರವವನ್ನು ನೇರ ರಕ್ತಕ್ಕೆ ಹಾಯಿಸುತ್ತಿದ್ದರು. ತಿಂಗಳಿಗೊಂದು ವಿಟಮಿನ್ ಚುಚ್ಚುಮದ್ದು. ಅದನ್ನು ಹೀರಿಕೊಳ್ಳುವ ಸಣ್ಣ ಕರುಳಿನ ಕೊನೆಯ ತುಂಡು ಹೋಗಿಬಿಟ್ಟಿತ್ತು. ಬಣ್ಣದತ್ತೆ ಬೆಳಿಗ್ಗೆ ಎದ್ದು ಉಪ್ಪು ಸಕ್ಕರೆಯನ್ನು ಅಳತೆ ಮಾಡಿ ನೀರಿಗೆ ಕಲಸಿ ಬಾಟಲಿ ತುಂಬಿಡುವಳು. ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಒಣ ಬ್ರೆಡ್ಡು. ಬರೀ ನೀರು ಗಟಗಟ ಕುಡಿಯುವಂತಿಲ್ಲ. ಸಿಹಿ ಪಾನೀಯವಂತೂ ಕೂಡದು. ಆ ಸಕ್ಕರೆ ಮೈಯೊಳಗಿನ ನೀರನ್ನೇ ಕರುಳಿಗೆ ಎಳೆದು ಹೊರಗೆ ಚೆಲ್ಲಿಬಿಡುತ್ತದೆ.

ಅಜ್ಜಿಗೆ ಇದು ತಲೆಗೆ ಹತ್ತಲಿಲ್ಲ. ಮಗ ಸೊರಗುತ್ತಿದ್ದಾನೆ, ಸೊಸೆ ಅಳೆದು ಅಳೆದು ಹಾಕುತ್ತಾಳೆ. ಅಜ್ಜಿಗೆ ಕಂಡದ್ದು ಇಷ್ಟೇ. ಮೂರು ಗಂಟೆಗೆ ನಾನು ಕಾಲೇಜಿನಿಂದ ಬರುವ ಹೊತ್ತಿಗೆ ಬಣ್ಣದತ್ತೆ ಕಾರ್ಖಾನೆಯಲ್ಲಿ ಇರುತ್ತಿದ್ದಳು. ಅಡುಗೆಮನೆಯಲ್ಲಿ ಅಜ್ಜಿ ಕಿತ್ತಳೆ ಹಿಂಡಿ, ಎರಡು ದೊಡ್ಡ ಚಮಚ ಸಕ್ಕರೆ ಹಾಕಿ, ಲೋಟ ತುಂಬಿ ಮಗನ ಕೈಗೆ ಕೊಡುವುದನ್ನು ನಾನು ನೋಡಿದೆ.

"ನಿಮ್ಮತ್ತೆಗೆ ಹೇಳ್ಬೇಡ" ಎಂದಳು ಅಜ್ಜಿ. "ಬಣ್ಣ ಹಚ್ಚೋಳಿಗೆ ಡಾಕ್ಟರಿಕೆ ಬಂದ್ಬಿಟ್ಟಿದೆ."

ನಾನು ಹೇಳಲಿಲ್ಲ. ಹತ್ತೊಂಬತ್ತು ವರ್ಷದವಳಿಗೆ ಅಷ್ಟೂ ತಿಳಿಯುತ್ತಿರಲಿಲ್ಲವೇ ಎಂದರೆ, ತಿಳಿಯುತ್ತಿತ್ತು. ಲೋಟದ ತಳದ ಸಕ್ಕರೆಯನ್ನೂ ಅಜ್ಜಿ ಚಮಚದಿಂದ ಕೆರೆದು ಮಗನ ಬಾಯಿಗಿಡುವುದನ್ನು ನೋಡಿ ಹೇಳಲು ಮನಸ್ಸು ಬರಲಿಲ್ಲ. ಒಂದು ದಿನ ಅಜ್ಜಿ ಆಚೆ ಹೋದಾಗ ಮಾವನನ್ನೇ ಕೇಳಿದೆ: "ಯಾಕೆ ಕುಡೀತೀರಿ? ಆಮೇಲೆ ಎಷ್ಟು ಒದ್ದಾಡ್ತೀರಿ."

"ಕುಡಿದ್ರೆ ನನಗೆ ಕಷ್ಟ, ಕುಡೀದಿದ್ರೆ ಅಮ್ಮನಿಗೆ ಕಷ್ಟ" ಎಂದ ಮಾವ. "ನನ್ನದಾದ್ರೆ ಅರ್ಧ ಗಂಟೇಲಿ ಮುಗಿಯುತ್ತೆ."

ಬಣ್ಣದತ್ತೆಗೆ ಗೊತ್ತಾಗದೆ ಇರುತ್ತದೆಯೇ? ಒಳಕ್ಕೆ ಹೋದದ್ದು, ಹೊರಕ್ಕೆ ಬಂದದ್ದು ಎರಡನ್ನೂ ಅವಳು ಅಳೆಯುತ್ತಿದ್ದಳು. ಒಂದು ಸಂಜೆ ಗಂಡನಿಗೆ ಮೆಲ್ಲನೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. "ಅವರೆದುರು ಎರಡು ಗುಟುಕು ಕುಡೀರಿ. ಮಿಕ್ಕಿದ್ದು ಬಚ್ಚಲಿಗೆ ಚೆಲ್ಲಿ. ಲೋಟ ಖಾಲಿ ಇದ್ರೆ ಸಾಕು ಅವರಿಗೆ."

ಹಾಗೆಯೇ ನಡೆಯಿತು. ಒಂದೂವರೆ ವರ್ಷ ಕಳೆದಾಗ ಒಂದು ಸಣ್ಣ ಸಂತೋಷವೂ ಬಂತು. ಉಳಿದ ಕರುಳು ಕೆಲಸ ಕಲಿಯುತ್ತದೆ ಎಂದು ಸರ್ಜನ್ ಮೊದಲೇ ಹೇಳಿದ್ದರು. ಅದು ಅಗಲವಾಗುತ್ತದೆ, ಅದರೊಳಗಿನ ಎಳೆಗಳು ಉದ್ದವಾಗುತ್ತವೆ, ಹೋದವರ ಪಾಲಿನ ಕೆಲಸವನ್ನು ಇದ್ದಷ್ಟರಲ್ಲೇ ಮಾಡಲು ನೋಡುತ್ತದೆ. ತೂಕದ ಯಂತ್ರ ಐವತ್ತೊಂದು ತೋರಿಸಿತು. ಮುಂದಿನ ತಿಂಗಳು ಐವತ್ತೆರಡೂವರೆ. ಮಾವ ಯಂತ್ರದಿಂದ ಇಳಿದು, ಮತ್ತೆ ಹತ್ತಿ ನೋಡಿದ. "ಕಲೀತಿದೆ ಕಣೇ!" ಎಂದು ಹೆಂಡತಿಯ ಹೆಗಲು ಹಿಡಿದು ಅಲುಗಿಸಿದ. ವಾರಕ್ಕೆ ಮೂರಿದ್ದ ಡ್ರಿಪ್ಪು ಎರಡಕ್ಕೆ ಇಳಿಯಿತು. ಡಿಪೋಗೆ ಹೋಗಿ ಟಿಕೆಟ್ ಕೌಂಟರಿನಲ್ಲಾದರೂ ಕೂರುತ್ತೇನೆಂದು ಅರ್ಜಿ ಬರೆದ. ಆ ಅರ್ಜಿಯ ಕರಡನ್ನು ತಿದ್ದಿಕೊಟ್ಟವಳು ನಾನೇ.

ಅರ್ಜಿಗೆ ಉತ್ತರ ಬರುವ ಮೊದಲೇ ಜ್ವರ ಬಂತು. ಡ್ರಿಪ್ಪು ಹಾಕಿದ ಅರ್ಧ ಗಂಟೆಗೆ ಮಂಚ ಅಲುಗಾಡುವಂಥ ನಡುಕ. ನಳಿಕೆಯ ದಾರಿಯಲ್ಲಿ ಸೋಂಕು ರಕ್ತಕ್ಕೆ ಸೇರಿತ್ತು. ಬಹಳ ದಿನ ನಳಿಕೆ ಇಟ್ಟುಕೊಂಡವರಿಗೆ ಎಷ್ಟು ಎಚ್ಚರ ವಹಿಸಿದರೂ ಬರಬಹುದಾದದ್ದು. ಯಾರ ತಪ್ಪೂ ಅಲ್ಲ ಎಂದರು ಸರ್ಜನ್. ನಳಿಕೆ ತೆಗೆದರು, ಔಷಧಿ ಬದಲಿಸಿದರು. ಐದನೆಯ ದಿನ ಮಾವ ಸ್ವಲ್ಪ ಎಚ್ಚರವಾಗಿ, "ಹಸಿವಾಗ್ತಿದೆ" ಎಂದ. ಬಣ್ಣದತ್ತೆ ಆಲೂಗಡ್ಡೆ ಕಿವುಚಿ ಮೂರು ಚಮಚ ತಿನ್ನಿಸಿದಳು. ಮರುದಿನ ಮಧ್ಯಾಹ್ನ ಹೊರಗೆ ಸುಡುವ ಬಿಸಿಲಿದ್ದಾಗ ಹೋಗಿಬಿಟ್ಟ.

ಎಲ್ಲ ಮುಗಿದ ಮೇಲೆ ಅಜ್ಜಿ ಊಟ ಬಿಟ್ಟಳು. ಹಟ ಹಿಡಿದು ಬಿಟ್ಟದ್ದಲ್ಲ. ತಟ್ಟೆಯ ಮುಂದೆ ಕೂರುವಳು, ಒಂದು ತುತ್ತು ಬಾಯಿಗಿಡುವಳು, ಅದು ಬಾಯಲ್ಲೇ ಉಳಿಯುವುದು. ಅಳುವೂ ಇಲ್ಲ. ನಮ್ಮಮ್ಮ ಬಂದು ಗೋಗರೆದಳು, ಬೈದಳು, ಪ್ರಯೋಜನವಾಗಲಿಲ್ಲ. ಹದಿನೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ, ಬಣ್ಣದತ್ತೆ ಕೆಲಸಕ್ಕೆ ಹೊರಡುವಾಗ, ಅಜ್ಜಿ ಬಾಗಿಲ ಬಳಿ ಅವಳ ಮುಂಗೈ ಹಿಡಿದಳು.

"ನಾನು ರಸ ಕುಡಿಸ್ತಿದ್ದೆ ಅವನಿಗೆ. ನಿನಗೆ ಗೊತ್ತಿತ್ತಾ?"

"ಗೊತ್ತಿತ್ತಮ್ಮಾ."

"ಅದರಿಂದಾನೇ ಹೋದ್ನಾ?"

ಬಣ್ಣದತ್ತೆ ಅಜ್ಜಿಯ ಚಪ್ಪಲಿ ತಂದು ಮುಂದಿಟ್ಟಳು. "ಚಪ್ಪಲಿ ಹಾಕ್ಕೊಳ್ಳಿ, ನನ್ನ ಜೊತೆ ಬನ್ನಿ" ಎಂದಳು. ನನ್ನನ್ನೂ ಕರೆದಳು, ಅಜ್ಜಿಗೆ ಒಬ್ಬರು ಆಸರೆ ಬೇಕಿತ್ತು.

ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅಜ್ಜಿ ಆ ಕಾರ್ಖಾನೆಗೆ ಕಾಲಿಟ್ಟಿರಲಿಲ್ಲ. ಮೇಷ್ಟ್ರು ತಾವು ಕೂತಿದ್ದ ಕುರ್ಚಿಯನ್ನೇ ಎಳೆದು ಕೊಟ್ಟು ಹೊರಗೆ ಹೋದರು. ಬಣ್ಣದತ್ತೆ ಮುಗಿದ ಒಂದು ಮಾದರಿಯನ್ನು ಮೇಜಿನ ಮೇಲಿಟ್ಟು ಹೊಟ್ಟೆಯ ಮುಚ್ಚಳ ತೆಗೆದಳು. ಒಂದೊಂದೇ ಅಂಗವನ್ನು ಹೊರತೆಗೆದು ಅಜ್ಜಿಯ ಮಡಿಲಿಗಿಟ್ಟಳು.

"ಇದು ಜಠರ. ಇದರೊಳಗೆ ಹುಳಿ ಇರುತ್ತೆ, ಕಬ್ಬಿಣಾನೂ ತಿನ್ನೋ ಅಂಥದ್ದು. ತನ್ನನ್ನೇ ತಿಂದುಬಿಡಬಾರದು ಅಂತ ಒಳಗೆಲ್ಲ ಲೋಳೆ ಬಳ್ಕೊಂಡಿರುತ್ತೆ. ಅವರಿಗೆ ಇದು ಚೆನ್ನಾಗಿತ್ತು. ಇದು ಯಕೃತ್ತು, ಪಿತ್ತ ಮಾಡೋದು. ಚೆನ್ನಾಗಿತ್ತು. ಈ ಹಳದೀದು ಮೇದೋಜೀರಕ. ಜಠರದಿಂದ ಬಂದ ಹುಳೀನ ಇದರ ರಸ ತಣಿಸುತ್ತೆ, ಕೊಬ್ಬು, ಹಿಟ್ಟು ಎಲ್ಲಾನೂ ಇದೇ ಒಡೆಯೋದು. ಚೆನ್ನಾಗಿತ್ತು."

"ಎಲ್ಲ ಚೆನ್ನಾಗಿದ್ರೆ ಮತ್ತೇನು?" ಎಂದಳು ಅಜ್ಜಿ.

ಮಾದರಿಯಲ್ಲಿ ಸಣ್ಣ ಕರುಳು ಒಂದೇ ಉಂಡೆಯಾಗಿ ಎರಕ ಹೊಯ್ದದ್ದು, ಬಿಚ್ಚಲು ಬಾರದು. ಬಣ್ಣದತ್ತೆ ಪೆಟ್ಟಿಗೆ ಕಟ್ಟುವ ಹತ್ತಿಯ ಹಗ್ಗದ ಸುರುಳಿ ತಂದಳು. ಮೊಣಕೈಯಿಂದ ಬೆರಳ ತುದಿಗೆ ಹಿಡಿದು ಮೊಳ ಹಾಕುತ್ತ ನೆಲದ ಮೇಲೆ ಬಿಟ್ಟಳು. ಹದಿಮೂರು ಮೊಳ. ಹಗ್ಗ ಬಣ್ಣದ ಮೇಜಿನಿಂದ ಬಾಗಿಲವರೆಗೆ ಹೋಯಿತು.

"ಇಷ್ಟುದ್ದ ನಮಗೆಲ್ಲ ಇರುತ್ತಮ್ಮಾ. ತಿಂದಿದ್ದು ಈ ದಾರೀಲಿ ಹೋಗ್ತಾ ಹೋಗ್ತಾ ರಕ್ತಕ್ಕೆ ಸೇರುತ್ತೆ."

"ಅವನಿಗೆ?"

ಬಣ್ಣದತ್ತೆ ಬಾಗಿಲ ಬಳಿಗೆ ಹೋಗಿ ಹಗ್ಗದ ತುದಿ ಹಿಡಿದು ಮಡಚುತ್ತ ಬಂದಳು. ಮೇಜಿನ ಕಾಲಿನ ಹತ್ತಿರ ನಿಂತಳು. ಎರಡು ಮೊಳ, ಅದಕ್ಕೂ ಸ್ವಲ್ಪ ಕಡಿಮೆ.

ಅಜ್ಜಿ ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತಳು. ಆ ತುಂಡನ್ನು ಬೆರಳಿಂದ ಮುಟ್ಟಿ ನೋಡಿದಳು.

"ಇಷ್ಟರಲ್ಲೇ ಇದ್ನಾ ಅಷ್ಟು ದಿನ?"

"ಇಷ್ಟರಲ್ಲೇ ಇದ್ರು. ನಿಮ್ಮ ರಸದಿಂದ ಅವರಿಗೆ ಹೊಟ್ಟೆ ಓಡ್ತಿತ್ತು, ಇಲ್ಲ ಅನ್ನಲ್ಲ. ಸುಸ್ತಾಗ್ತಿದ್ರು. ಆದ್ರೆ ಹೋಗಿದ್ದು ಅದರಿಂದಲ್ಲ. ನಳಿಕೇಲಿ ಸೋಂಕು ಬಂತು, ರಕ್ತ ಕೆಟ್ಟಿತು. ರಸ ಕುಡೀದಿದ್ರೂ ಅದು ಬರ್ತಿತ್ತು."

"ಸುಳ್ಳು ಹೇಳ್ತಿಲ್ಲ ತಾನೇ?"

"ಸುಳ್ಳು ಹೇಳೋದಾಗಿದ್ರೆ ಹೊಟ್ಟೆ ಓಡ್ತಿತ್ತು ಅಂತ ಯಾಕೆ ಹೇಳ್ತಿದ್ದೆ?"

ಆಗ ಅಜ್ಜಿ ಅತ್ತಳು. ಹದಿನೈದು ದಿನ ಒಳಗೇ ತಡೆದದ್ದೆಲ್ಲ ಒಂದೇ ಸಲಕ್ಕೆ ಬಂತು. ಬಣ್ಣದತ್ತೆ ಪಕ್ಕದಲ್ಲಿ ಕೂತು ಅವಳ ಬೆನ್ನು ನೀವುತ್ತಿದ್ದಳು, ತಾನು ಅಳಲಿಲ್ಲ. ನಾನು ಅಲ್ಲೇ ನಿಂತು, ನೋಡಿಯೂ ಹೇಳದೆ ಇದ್ದದ್ದು ನನ್ನದೂ ತಪ್ಪು ಎನ್ನಲು ಬಾಯಿ ತೆರೆದೆ. ಬಣ್ಣದತ್ತೆ ನನ್ನತ್ತ ನೋಡಿ ತಲೆಯಾಡಿಸಿದಳು, ಈಗ ಬೇಡ ಎನ್ನುವಂತೆ. ಆ ಮಾತು ಇವತ್ತಿಗೂ ನಮ್ಮಿಬ್ಬರ ನಡುವೆ ಬಂದಿಲ್ಲ.

ಆ ಸಂಜೆ ಅಜ್ಜಿ ಅರ್ಧ ತಟ್ಟೆ ಊಟ ಮಾಡಿದಳು. ಆಮೇಲೂ ನಾಲ್ಕು ವರ್ಷ ಬದುಕಿದ್ದಳು. ಸೊಸೆಯನ್ನು ಬೈಯುವುದನ್ನೇನೂ ಬಿಡಲಿಲ್ಲ. ಆದರೆ ಯಾರಾದರೂ ಬಂದು, "ಮಗನಿಗೆ ಏನಾಗಿತ್ತು?" ಎಂದರೆ, "ನನ್ನ ಸೊಸೇನ ಕೇಳಿ, ಅವಳಿಗೆ ಎಲ್ಲ ಗೊತ್ತು" ಎನ್ನುತ್ತಿದ್ದಳು.

ಸರ್ಜನ್ ಒಮ್ಮೆ ಬಣ್ಣದತ್ತೆಯನ್ನು ಕರೆಸಿ, ಕರುಳು ಕಳೆದುಕೊಂಡವರ ಮನೆಯವರಿಗೆ ತೋರಿಸಲು ಬಿಚ್ಚಿ ಮಡಚಲು ಬರುವಂಥ ಮಾದರಿಯೊಂದನ್ನು ಬಟ್ಟೆಯಲ್ಲಿ ಹೊಲಿದುಕೊಡಲು ಕೇಳಿದರು. ಎರಡು ತಿಂಗಳು ತೆಗೆದುಕೊಂಡು ಹೊಲಿದು, ಬಣ್ಣ ಹಾಕಿ ಕೊಟ್ಟಳು. ಬಹಳ ಚೆನ್ನಾಗಿದೆ, ಬೇರೆ ಆಸ್ಪತ್ರೆಗಳಿಗೂ ಬೇಕು ಎಂದರು. ಅವಳು ಕೈಮುಗಿದು, ಇನ್ನೊಂದು ನನ್ನ ಕೈಲಾಗಲ್ಲ ಎಂದು ಹೇಳಿ ಬಂದಳು.

ಮೇಷ್ಟ್ರು ತೀರಿಕೊಂಡ ಮೇಲೆ ಕಾರ್ಖಾನೆ ಮುಚ್ಚಿತು. ಈಗ ಶಾಲೆಗಳಿಗೆ ಬಣ್ಣ ಸಮೇತ ಅಚ್ಚಾಗಿ ಬರುವ ಪ್ಲಾಸ್ಟಿಕ್ಕಿನ ಮನುಷ್ಯರೇ ಬರುತ್ತಾರೆ. ಬಣ್ಣದತ್ತೆಗೆ ಅರವತ್ತೊಂದು. ಒಬ್ಬಳೇ ಇದ್ದಾಳೆ. ಉಗುರಿನಲ್ಲಿ ಬಣ್ಣವಿಲ್ಲ. ಭಾನುವಾರ ನಾನು ಫೋನು ಮಾಡಿದರೆ ನನ್ನ ಕೆಲಸ, ನನ್ನ ಮಗಳ ಓದು, ಬೀದಿಯ ನಾಯಿ ಹಾಕಿದ ಮರಿಗಳು ಎಲ್ಲವನ್ನೂ ವಿಚಾರಿಸುತ್ತಾಳೆ. ನಾವೆಲ್ಲ ಯಾರಿಗೆ ಫೋನು ಮಾಡಿದರೂ ಮೊದಲು 'ಊಟ ಆಯ್ತಾ?' ಎನ್ನುತ್ತೇವೆ. ಮಾವ ಹೋದ ಮೇಲೆ ಆ ಒಂದು ಮಾತನ್ನು ಅವಳು ಯಾರನ್ನೂ ಕೇಳಿದ್ದು ನನಗೆ ನೆನಪಿಲ್ಲ.